ಅತಿವಾರ್ಧಕ್ಯದ ಬಳಲಿಕೆಯೂ ತೂಕಡಿಕೆಯೂ

ಒಬ್ಬ ಮನುಷ್ಯನ ಬಾಳಿನಲ್ಲಿ ಸಾವಿರ ಹುಣ್ಣಿಮೆಗಳು ಬಂದುಹೋಗಲು ಸುಮಾರು 80 ವರ್ಷ 10 ತಿಂಗಳು ಹಿಡಿಯುತ್ತದೆ. ಆ ಗಡಿಯನ್ನು ದಾಟಿದ ಹಿರಿಯರಿಗೆ ಸಹಸ್ರಚಂದ್ರದರ್ಶನ ಶಾಂತಿಯನ್ನು ನೆರವೇರಿಸಿ, ಶಾಲು ಹೊದಿಸಿ, ಕಾಲಿಗೆರಗಿ, ಹೋಳಿಗೆಯೂಟ ಮುಗಿಸಿ ಹಿಂದಿರುಗುವ ನೆಂಟರಿಷ್ಟರು, ಮರುದಿನದಿಂದ ಆ ಹಿರಿಯರ ಹಗಲುಗಳು ಹೇಗೆ ಸಾಗುತ್ತವೆಂದು ಕೇಳುವುದು ವಿರಳ. ಒಂದು ಕಾಲಕ್ಕೆ ಊರಿಗೆ ಒಬ್ಬರೋ ಇಬ್ಬರೋ ಇದ್ದ ಇಂಥ ವಯೋವೃದ್ಧರು ಈಗ ಬೀದಿಗೆ ಒಬ್ಬಿಬ್ಬರಿದ್ದಾರೆ. 2011ರ ಜನಗಣತಿಯ ವೇಳೆಗೇ ಎಂಬತ್ತನ್ನು ಮುಟ್ಟಿದವರ ಸಂಖ್ಯೆ ಭಾರತದಲ್ಲಿ ಒಂದು ಕೋಟಿಯನ್ನು ಮೀರಿತ್ತು. ಅವರ ಬಗೆಗೆ ಮನೆಯವರು ವೈದ್ಯರ ಮುಂದಿಡುವ ದೂರುಗಳಲ್ಲಿ, ನೋವು ಮರೆವುಗಳನ್ನು ಬಿಟ್ಟರೆ, ಮತ್ತೆ ಮತ್ತೆ ಕೇಳಿಬರುವವು ಎರಡು: "ಯಾವಾಗಲೂ ಸುಸ್ತು ಅಂತಾರೆ" ಎಂಬುದೊಂದು, "ಕೂತಲ್ಲೇ ತೂಕಡಿಸ್ತಾರೆ" ಎಂಬುದಿನ್ನೊಂದು. ದೂರಿತ್ತವರೇ ಸಮಾಧಾನವನ್ನೂ ಹೇಳಿಕೊಳ್ಳುವುದುಂಟು: "ವಯಸ್ಸಾಯ್ತಲ್ಲ!"

ಆ ಸಮಾಧಾನದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ವಿಚಾರಣೆಯ ಕೊನೆಯಲ್ಲಿ ಬರಬೇಕಾದ ಮಾತು, ಮೊದಲಲ್ಲಿಯೇ ಬಂದುಬಿಟ್ಟರೆ ವಿಚಾರಣೆಯೇ ನಡೆಯದು. ತೊಂಬತ್ತರ ವೃದ್ಧರೊಬ್ಬರ ತೂಕಡಿಕೆಯಲ್ಲಿ ವಯೋಧರ್ಮದ ಪಾಲೆಷ್ಟು, ಅಡಗಿಕೊಂಡಿರುವ ವ್ಯಾಧಿಯ ಪಾಲೆಷ್ಟು, ಔಷಧದ ಡಬ್ಬಿಯ ಪಾಲೆಷ್ಟು, ಪ್ರೀತಿಯಿಂದಲೇ ಅವರನ್ನು ಹಾಸಿಗೆಗೆ ಅಂಟಿಸಿರುವ ನಮ್ಮ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಿದರೆ, ವಯಸ್ಸಿನ ತಲೆಗೆ ನಾವು ಕಟ್ಟಿದ ಹೊರೆಯಲ್ಲಿ ಬಹುಭಾಗ ಅದರದಲ್ಲವೆಂದು ತಿಳಿದುಬರುವ ಪ್ರಸಂಗಗಳೇ ಹೆಚ್ಚು. ಈ ಬೇರ್ಪಡಿಸುವಿಕೆಯ ಬಗೆಗೆ ಈವರೆಗೆ ತಿಳಿದುಬಂದಿರುವುದನ್ನು ಒಂದೆಡೆ ಕಲೆಹಾಕಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವಿಚಾರ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನಿದ್ರೆಯನ್ನು ಆರು ಬಗೆಯಾಗಿ ವಿಂಗಡಿಸಿದೆ: ತಮಸ್ಸಿನಿಂದ ಹುಟ್ಟುವುದು, ಶ್ಲೇಷ್ಮದಿಂದ ಹುಟ್ಟುವುದು, ಮನಶ್ಶರೀರಗಳ ಶ್ರಮದಿಂದ ಬರುವುದು, ಆಗಂತುಕವಾದುದು, ವ್ಯಾಧಿಯನ್ನು ಅನುಸರಿಸಿ ಬರುವುದು, ಮತ್ತು ರಾತ್ರಿಯ ಸ್ವಭಾವದಿಂದಲೇ ಬರುವ, ಸಮಸ್ತ ಭೂತಗಳನ್ನು ತಾಯಿಯಂತೆ ಸಲಹುವ ನಿದ್ರೆ. ಹಗಲುನಿದ್ದೆಯನ್ನು ಬೇಸಗೆಯ ಹೊರತು ಸಾಮಾನ್ಯವಾಗಿ ಒಪ್ಪದ ಆ ಗ್ರಂಥ, ವೃದ್ಧರಿಗೂ ಬಾಲರಿಗೂ ದುರ್ಬಲರಿಗೂ ಎಲ್ಲ ಋತುಗಳಲ್ಲಿಯೂ ಅದಕ್ಕೆ ಅನುಮತಿಯನ್ನಿತ್ತಿದೆ. ಅನುಮತಿಯನ್ನು ನಮ್ಮ ಮನೆಗಳು ನೆನಪಿಟ್ಟುಕೊಂಡುವು. ವ್ಯಾಧ್ಯನುವರ್ತಿನಿಯಾದ ನಿದ್ರೆ ಬೇರೆಯೆಂಬ ಎಚ್ಚರಿಕೆಯನ್ನು ಮರೆತುವು.

ಪಶ್ಚಿಮದ ವೈದ್ಯಶಾಸ್ತ್ರ ಈ ಕ್ಷೇತ್ರವನ್ನು ಪ್ರತ್ಯೇಕವಾಗಿ ಉಳತೊಡಗಿದ್ದು ತೀರ ಈಚೆಗೆ. ನ್ಯೂಯಾರ್ಕಿನ ಇಗ್ನಾಟ್ಜ್ ನ್ಯಾಷರ್ 1909ರಲ್ಲಿ ವಾರ್ಧಕ್ಯದ ಚಿಕಿತ್ಸೆಗೆ ಪ್ರತ್ಯೇಕ ಹೆಸರನ್ನಿಟ್ಟನಾದರೂ, ಹೆಸರಿಗೆ ತಕ್ಕ ಕೆಲಸ ಕಂಡುಬಂದುದು 1935ರಲ್ಲಿ, ಲಂಡನ್ನಿನ ಸಮೀಪದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆ ಬಡವರ ಆಶ್ರಯಾಲಯದ ಏಳುನೂರಕ್ಕೂ ಹೆಚ್ಚು ರೋಗಿಗಳ ಹೊಣೆಯನ್ನು ಹೊತ್ತುಕೊಂಡಾಗ. ಅವರಲ್ಲಿ ಬಹಳ ಮಂದಿ ಇನ್ನೇಳರೆಂದು ತೀರ್ಮಾನವಾಗಿ ವರ್ಷಗಳಿಂದ ಮಲಗಿದ್ದ ಮುದುಕರು. ಆಕೆ ಒಬ್ಬೊಬ್ಬರನ್ನೂ ಪರೀಕ್ಷಿಸಿ, ರೋಗವಿದ್ದಲ್ಲಿ ರೋಗಕ್ಕೆ ಮದ್ದಿತ್ತು, ರೋಗವಿಲ್ಲದಲ್ಲಿ ಎಬ್ಬಿಸಿ ನಡೆಸಿ, ಅನೇಕರನ್ನು ಮನೆಗೆ ಕಳುಹಿಸಿದಳು. 1947ರಲ್ಲಿ ರಿಚರ್ಡ್ ಆಷರ್ ಎಂಬ ಇನ್ನೊಬ್ಬ ವೈದ್ಯ, ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿನೋದವೂ ಉಗ್ರತೆಯೂ ಬೆರೆತ ಲೇಖನವನ್ನು ಬರೆದ. ನಮ್ಮ ದೇಶದಲ್ಲಿ ವೃದ್ಧರಿಗೆಂದೇ ಹೊರರೋಗಿ ವಿಭಾಗ ಮೊದಲು ತೆರೆದುದು ಮದರಾಸಿನಲ್ಲಿ, 1978ರಲ್ಲಿ.

ಈಗ ವಿಷಯದ ಒಳಕ್ಕೆ ಹೋಗೋಣ. ದಣಿವು ಮತ್ತು ನಿದ್ದೆಗಣ್ಣು ಒಂದೇ ಅಲ್ಲ. ದಣಿದವರಿಗೆ ಮೈಯಲ್ಲಿ ತ್ರಾಣವಿರದು, ಆದರೆ ಕಣ್ಣು ಮುಚ್ಚಿದರೆ ನಿದ್ದೆ ಬಂದೇಬರುತ್ತದೆಂದಿಲ್ಲ. ತೂಕಡಿಸುವವರಿಗೆ ತ್ರಾಣವಿದ್ದರೂ ಎಚ್ಚರ ನಿಲ್ಲದು. ಮೊದಲನೆಯದು ರಕ್ತ, ಹೃದಯ, ಸ್ನಾಯು, ಮನಸ್ಸು ಇವುಗಳ ಕಡೆಗೆ ಬೆರಳು ಮಾಡಿದರೆ, ಎರಡನೆಯದು ರಾತ್ರಿಯ ನಿದ್ದೆ, ಮೆದುಳು, ಔಷಧ ಇವುಗಳ ಕಡೆಗೆ ಬೆರಳು ಮಾಡುತ್ತದೆ. ಎರಡೂ ಕೂಡಿರುವುದುಂಟು, ಕೂಡಿದ್ದರೂ ಬಿಡಿಸಿ ಕೇಳಬೇಕು. "ಕೆಲಸ ಮಾಡೋಕೆ ಆಗೊಲ್ಲವೋ, ಎಚ್ಚರವಾಗಿರೋಕೆ ಆಗೊಲ್ಲವೋ?" ಎಂಬ ಸರಳ ಪ್ರಶ್ನೆ ವೈದ್ಯನಿಗೆ ಅರ್ಧ ದಾರಿಯನ್ನು ಉಳಿಸುತ್ತದೆ. ನಿದ್ರಾಲುತ್ವವನ್ನು ಅಳೆಯಲು ಮೆಲ್ಬರ್ನಿನ ಮರೆ ಜಾನ್ಸ್ 1991ರಲ್ಲಿ ಎಂಟು ಪ್ರಶ್ನೆಗಳ ಮಾಪಕವೊಂದನ್ನು ರಚಿಸಿದ. ಒಟ್ಟು 24 ಅಂಕಗಳಲ್ಲಿ 10ನ್ನು ಮೀರಿದರೆ ಅತಿಯೆಂದು ಭಾವಿಸುತ್ತಾರೆ. ಆದರೆ ಅದರಲ್ಲಿ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ತೂಕಡಿಕೆ ಬರುವುದೇ ಎಂಬ ಪ್ರಶ್ನೆಯುಂಟು. ತೀರ್ಥಹಳ್ಳಿಯ ಕಡೆಯ ತೋಟದ ಮನೆಯೊಂದರ ತೊಂಬತ್ತರ ಅಜ್ಜಿಗೆ ಈ ಪ್ರಶ್ನೆಯನ್ನು ಹಾಕಿದರೆ ಆಕೆ ಪ್ರಶ್ನಿಸಿದವರ ಎಚ್ಚರವನ್ನೇ ಸಂದೇಹಿಸಬಹುದು. ಆಕೆಯ ವಿಷಯದಲ್ಲಿ ಮನೆಯವರ ಕಣ್ಣೇ ಮಾಪಕ: ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಬೆರಳು ನಡುವೆ ನಿಲ್ಲುತ್ತದೆಯೇ, ಬಾಯಿಗೆ ತುತ್ತಿಟ್ಟು ಅಗಿಯುವುದನ್ನು ಮರೆಯುತ್ತಾರೆಯೇ, ಇಷ್ಟದ ಮೊಮ್ಮಗ ಬಂದು ಕುಳಿತಾಗಲೂ ತಲೆ ವಾಲುತ್ತದೆಯೇ? ಬೇಸರಕ್ಕೆ ತೂಕಡಿಸುವವರು ಇಷ್ಟದವರು ಬಂದಾಗ ಎಚ್ಚರಗೊಳ್ಳುತ್ತಾರೆ. ವ್ಯಾಧಿಗೆ ತೂಕಡಿಸುವವರು ಎಚ್ಚರಗೊಳ್ಳರು.

ವಯೋಧರ್ಮದ ಪಾಲನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ವಯಸ್ಸೇರಿದಂತೆ ಗಾಢನಿದ್ರೆಯ ಭಾಗ ತೆಳುವಾಗುತ್ತದೆ. ರಾತ್ರಿ ಹಲವು ಬಾರಿ ಎಚ್ಚರವಾಗುತ್ತದೆ. ಸಂಜೆ ಬೇಗನೆ ಕಣ್ಣೆಳೆದು ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ನಿದ್ದೆ ಹರಿಯುತ್ತದೆ. ಮೆದುಳಿನ ತಳದಲ್ಲಿ ಕುಳಿತು ಹಗಲಿರುಳುಗಳ ಲೆಕ್ಕವನ್ನಿಡುವ ಪುಟ್ಟ ನರಕೋಶಗುಚ್ಛದ ಸದ್ದು ಕ್ಷೀಣಿಸುವುದೂ, ಅದು ಹಿಂದಿನಂತೆ ಹೊಂದಿಕೊಳ್ಳದಿರುವುದೂ ಇದಕ್ಕೆ ಕಾರಣ. 1938ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್, ತನ್ನ ಶಿಷ್ಯನೊಡನೆ ಕೆಂಟಕಿಯ ಮ್ಯಾಮತ್ ಗುಹೆಯೊಳಗೆ 32 ದಿನ ವಾಸಮಾಡಿ, ದಿನಕ್ಕೆ 28 ಗಂಟೆಗಳೆಂದು ಭಾವಿಸಿ ಬದುಕಲು ಯತ್ನಿಸಿದ. ಇಪ್ಪತ್ತರ ಹರೆಯದ ಶಿಷ್ಯನ ದೇಹ ಒಗ್ಗಿಕೊಂಡಿತು. ನಲವತ್ತಮೂರರ ಗುರುವಿನ ದೇಹ ಹಟಹಿಡಿದು ಹಳೆಯ 24 ಗಂಟೆಗಳಿಗೇ ಅಂಟಿಕೊಂಡಿತು. ನಲವತ್ತಮೂರಕ್ಕೇ ಈ ಗತಿಯಾದರೆ ತೊಂಬತ್ತಮೂರರ ಮಾತೇನು! (ನಿದ್ರೆಯ ಅಧ್ಯಯನಕ್ಕಾಗಿ ಅಷ್ಟೊಂದು ನಿದ್ದೆಗೆಟ್ಟ ಈ ವಿದ್ವಾಂಸ 1999ರಲ್ಲಿ ತೀರಿಕೊಂಡಾಗ ಅವನಿಗೆ 104 ವರ್ಷ.) ಕಣ್ಣಿನ ಮಸೂರ ಹಳದಿಗಟ್ಟಿ, ಎಚ್ಚರವನ್ನು ಪ್ರಚೋದಿಸುವ ನೀಲಿ ಬೆಳಕನ್ನು ಒಳಗೆ ಬಿಡದಿರುವುದೂ ಸೇರಿಕೊಳ್ಳುತ್ತದೆ. ಇನ್ನು ಮೂತ್ರಕ್ಕೆಂದು ರಾತ್ರಿ ಮೂರುನಾಲ್ಕು ಬಾರಿ ಏಳುವ ಪಾಡು: ಹಗಲೆಲ್ಲ ಕಾಲು ಇಳಿಬಿಟ್ಟು ಕುಳಿತವರ ಪಾದಗಳಲ್ಲಿ ಇಳಿದು ನಿಂತ ನೀರು, ಮಲಗಿದೊಡನೆ ಮೇಲೇರಿ ಮೂತ್ರವಾಗುತ್ತದೆ. ಮಧ್ಯಾಹ್ನ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಚಾಚಿಸುವುದರಿಂದಲೂ, ವೈದ್ಯರನ್ನು ಕೇಳಿ ನೀರಿಳಿಸುವ ಮಾತ್ರೆಯ ಹೊತ್ತನ್ನು ಹಿಂದಕ್ಕೆ ಸರಿಸುವುದರಿಂದಲೂ ಎಷ್ಟೋ ಮಂದಿಗೆ ಒಂದೆರಡು ಎಚ್ಚರಗಳು ತಪ್ಪಿವೆ. ಇಷ್ಟಾದರೂ ವೃದ್ಧರಿಗೆ ನಿದ್ದೆಯ ಅಗತ್ಯವೇ ಕಡಮೆಯೆಂಬ ನಂಬಿಕೆಗೆ ಆಧಾರವಿಲ್ಲ. ಅರವತ್ತೈದನ್ನು ದಾಟಿದವರಿಗೂ ಏಳೆಂಟು ಗಂಟೆಗಳೇ ಯುಕ್ತವೆಂದು ತಜ್ಞರ ಮತ. ಅಗತ್ಯ ಉಳಿದು ಸಾಮರ್ಥ್ಯ ಕುಗ್ಗಿದುದರಿಂದ, ರಾತ್ರಿಯ ಸಾಲವನ್ನು ಹಗಲು ತೀರಿಸುತ್ತದೆ.

ವ್ಯಾಧಿಯ ಕಡೆಗೆ ತಿರುಗಿದರೆ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದೇ: ಈ ತೂಕಡಿಕೆ ಎಂದಿನಿಂದ? ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬಂದುದು ಬೇರೆ, ಮೊನ್ನೆಯಿಂದ ಬಂದುದು ಬೇರೆ. ಮೊನ್ನೆ ಸೋಮವಾರದವರೆಗೆ ಪೇಪರು ಓದುತ್ತಿದ್ದವರು ಗುರುವಾರ ಕರೆದರೂ ಕಣ್ಣು ತೆರೆಯದೆ 'ಹೂಂ' ಎಂದು ಮಗ್ಗುಲಾದರೆ, ಅದು ವಾರ್ಧಕ್ಯವಲ್ಲ. ಮೂರು ದಿನಗಳಲ್ಲಿ ಯಾರಿಗೂ ವಯಸ್ಸಾಗದು. ಅತಿವೃದ್ಧರಲ್ಲಿ ಶ್ವಾಸಕೋಶದ ಸೋಂಕಾಗಲಿ ಮೂತ್ರದ ಸೋಂಕಾಗಲಿ ಜ್ವರವಿಲ್ಲದೆ, ಕೆಮ್ಮಿಲ್ಲದೆ, ಉರಿಯಿಲ್ಲದೆ ಬರುವುದುಂಟು. ಹೃದಯಾಘಾತವೂ ಎದೆನೋವಿಲ್ಲದೆ ಬರುವುದುಂಟು. ಹೊರಕ್ಕೆ ತೋರುವುದು ಮಂಪರೊಂದೇ. ಬಡಬಡಿಸಿ ಕೂಗಾಡುವ ಸನ್ನಿಯನ್ನು ಯಾರೂ ಗುರುತಿಸಿಯಾರು. ಸದ್ದಿಲ್ಲದೆ ಮಲಗಿಸಿಬಿಡುವ ಸನ್ನಿಯನ್ನು, ಪಾಪ ಇವತ್ತು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆಂದು ಮನೆಯವರು ಬಾಗಿಲೆಳೆದುಕೊಂಡು ಹೋಗುತ್ತಾರೆ. ರಕ್ತದಲ್ಲಿ ಸೋಡಿಯಂ 135ಕ್ಕಿಂತ ಬಹಳ ಕೆಳಗಿಳಿದರೂ ಇದೇ ಮಂಪರು. ರಕ್ತದೊತ್ತಡಕ್ಕೆಂದು ಕೊಡುವ ಕೆಲವು ನೀರಿಳಿಸುವ ಮಾತ್ರೆಗಳೂ ಖಿನ್ನತೆಯ ಕೆಲವು ಮಾತ್ರೆಗಳೂ ಸೋಡಿಯಂ ಅನ್ನು ಇಳಿಸುತ್ತವೆ. ಇನ್ನೊಂದು, ಬಚ್ಚಲಲ್ಲಿ ತಲೆಗೆ ಸ್ವಲ್ಪ ತಗಲಿದ ಪೆಟ್ಟು: ಬಾವೂ ಬರದೆ, ಯಾರಿಗೂ ನೆನಪಿರದೆ, ವಾರಗಳ ಮೇಲೆ ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಸೇರಿ ಮೆದುಳನ್ನು ಒತ್ತುವುದು. ರಕ್ತ ತಿಳಿಯಾಗಿಸುವ ಮಾತ್ರೆ ನುಂಗುವವರಲ್ಲಿ ಇದನ್ನು ಮರೆಯಲಾಗದು. ದಿನಗಳಲ್ಲಿ ಬಂದ ಮಂಪರನ್ನು ಅಂದೇ ವೈದ್ಯರಿಗೆ ತೋರಿಸಬೇಕು. ನಾಳೆ ನೋಡೋಣವೆಂಬುದಕ್ಕೆ ಎಡೆಯಿಲ್ಲ.

ತಿಂಗಳುಗಳಲ್ಲಿ ಬರುವ ದಣಿವಿನ ಕಾರಣಗಳು ಬೇರೆ. ರಕ್ತಹೀನತೆ ಮೊದಲನೆಯದು: ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12 ಗ್ರಾಂಗಿಂತ ಇಳಿದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವಂತಿಲ್ಲ, ಕಬ್ಬಿಣಾಂಶವೇ ಇಳಿದಿದ್ದರೆ ಎಲ್ಲಿಯೋ ರಕ್ತ ಸೋರುತ್ತಿದೆಯೇ ಎಂದು, ವಿಶೇಷವಾಗಿ ಮಂಡಿನೋವಿನ ಮಾತ್ರೆ ನುಂಗುವವರ ಜಠರದಲ್ಲಿ, ಹುಡುಕಬೇಕು. ಬಿ12 ಜೀವಸತ್ವದ ಕೊರತೆ ನಮ್ಮ ಸಸ್ಯಾಹಾರಿ ಮನೆಗಳಲ್ಲಿ ಸಾಮಾನ್ಯ. ವಯಸ್ಸಾದವರ ಜಠರ ಅದನ್ನು ಹೀರುವುದೂ ಕಡಮೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಎದೆಯುರಿಯ ಮಾತ್ರೆ ಇವೆರಡೂ ಸೇರಿದರೆ ಇದ್ದದ್ದೂ ಹೋಯಿತು. ಥೈರಾಯ್ಡಿನ ಮಂದತೆ ಮೈ ತಣ್ಣಗಾಗಿ, ಮಲ ಕಟ್ಟಿ, ದನಿ ಒರಟಾಗಿ, ನಿದ್ದೆ ಹೆಚ್ಚಿಸಿ ಬರುವುದರಿಂದ ಮುಪ್ಪಿನ ವೇಷವನ್ನು ಚೆನ್ನಾಗಿಯೇ ಹಾಕಿಕೊಳ್ಳುತ್ತದೆ. ಆದರೆ ಇಲ್ಲೊಂದು ಎಚ್ಚರಿಕೆಯೂ ಉಂಟು. ಪರೀಕ್ಷೆಯ ಅಂಕಿ ಅಲ್ಪಸ್ವಲ್ಪ ಏರಿದೆಯೆಂಬ ಕಾರಣಕ್ಕೇ ಥೈರಾಯ್ಡ್ ಮಾತ್ರೆಯನ್ನು ಆರಂಭಿಸಿದರೆ ದಣಿವು ಕಳೆಯುವುದಿಲ್ಲವೆಂದು, ಯೂರೋಪಿನಲ್ಲಿ ಅರವತ್ತೈದು ದಾಟಿದ 737 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿಕೊಟ್ಟಿದೆ. ಕೊರತೆಯನ್ನು ತುಂಬುವುದು ಒಂದು, ಅಂಕಿಯನ್ನು ಪೂಜಿಸುವುದು ಇನ್ನೊಂದು. ಔಷಧದ ಅಂಗಡಿಯ ಕೆಂಪು ಟಾನಿಕ್ಕುಗಳ ಬಗೆಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಅವುಗಳಿಂದ ಚೇತರಿಸಿಕೊಳ್ಳುವುದು ಅಂಗಡಿ.

ಗೊರಕೆಯನ್ನು ನಮ್ಮಲ್ಲಿ ಗಾಢನಿದ್ರೆಯ ಲಕ್ಷಣವೆಂದು ಎಣಿಸುವ ಪದ್ಧತಿ. ಗೊರಕೆಯ ನಡುವೆ ಉಸಿರು ಕಟ್ಟಿ, ಕ್ಷಣಗಳು ಕಳೆದು, ಗಕ್ಕನೆ ಎಳೆದುಕೊಳ್ಳುವುದು ರಾತ್ರಿಯೆಲ್ಲ ನಡೆದರೆ ಬೆಳಗಿನ ಹೊತ್ತಿಗೆ ಮಲಗಿದ ಫಲವೇನೂ ಉಳಿದಿರದು. ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ನಿಂತಲ್ಲೇ ನಿದ್ದೆಹೋಗುವ ದಢೂತಿ ಹುಡುಗನ ನೆನಪಿನಿಂದ 1956ರಲ್ಲಿ ವೈದ್ಯರು ಇದರ ಒಂದು ಬಗೆಗೆ ಹೆಸರಿಟ್ಟರು. ವೃದ್ಧರಲ್ಲಿ ದಢೂತಿಯಾಗಿರಬೇಕೆಂದೇನೂ ಇಲ್ಲ. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ರೂಪಿಸಿದ, ಮೂಗಿನ ಮುಖವಾಡದ ಮೂಲಕ ಒತ್ತಡದ ಗಾಳಿಯನ್ನು ಊದುವ ಯಂತ್ರ ಅರವತ್ತೈದು ದಾಟಿದವರ ಹಗಲುನಿದ್ದೆಯನ್ನೂ ಇಳಿಸುತ್ತದೆಂದು ಬ್ರಿಟನ್ನಿನ 2014ರ ಪ್ರಯೋಗದಿಂದ ಗೊತ್ತಾಗಿದೆ. ಎಂಬತ್ತೈದರವರು ಆ ಮುಖವಾಡವನ್ನು ಸಹಿಸುವರೇ ಎಂಬುದು ಅವರವರ ತಾಳ್ಮೆಗೆ ಬಿಟ್ಟದ್ದು.

ಔಷಧದ ಡಬ್ಬಿಯನ್ನು ನಾನು ಬೇಕೆಂದೇ ಹಿಂದಿಟ್ಟಿದ್ದೆ. ವೃದ್ಧರಿರುವ ಯಾವ ಮನೆಯಲ್ಲಿಯಾದರೂ ಆ ಪ್ಲಾಸ್ಟಿಕ್ ಡಬ್ಬಿಯನ್ನು ತಂದು ಚಾಪೆಯ ಮೇಲೆ ಸುರಿದು ನೋಡಿ. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು ಬರೆದದ್ದು, ಮಂಡಿಗೆ ಇನ್ನೊಬ್ಬರು ಬರೆದದ್ದು, ಮೂರು ವರ್ಷದ ಹಿಂದೆ ಆಸ್ಪತ್ರೆಯಿಂದ ಬರುವಾಗ ನಿದ್ದೆಗೆಂದು ಹತ್ತು ದಿನಕ್ಕೆ ಕೊಟ್ಟು ಇಂದಿಗೂ ನಿಲ್ಲದದ್ದು, ನೆಗಡಿಗೆಂದು ಅಂಗಡಿಯವನೇ ಕೊಟ್ಟ ಹಳದಿ ಮಾತ್ರೆಯ ಅರ್ಧ ಹಾಳೆ, ತುರಿಕೆಗೆಂದು ಪಕ್ಕದ ಮನೆಯವರು ಕೊಟ್ಟದ್ದು. ಈ ಕಡೆಯ ಮೂರರಲ್ಲಿಯೂ ನಿದ್ದೆಯುಂಟು. ನೆಗಡಿ ತುರಿಕೆಗಳ ಹಳೆಯ ಮಾದರಿಯ ಮಾತ್ರೆಗಳು, ಕ್ಲೋರ್‌ಫೆನಿರಮಿನ್, ಫೆನಿರಮಿನ್ ಮುಂತಾದವು, ವೃದ್ಧರಲ್ಲಿ ತೂಕಡಿಕೆಯ ಜತೆಗೆ ಬಾಯೊಣಗು, ಮಲಬದ್ಧತೆ, ಗೊಂದಲಗಳನ್ನೂ ತರುತ್ತವೆ. ಡಯಜಪಾಮ್‌ನಂಥ ನಿದ್ದೆಮಾತ್ರೆ ಇಪ್ಪತ್ತರ ದೇಹದಲ್ಲಿ ಅರ್ಧದಷ್ಟು ಇಳಿಯಲು ಒಂದು ದಿನ ಸಾಕಾದರೆ, ಎಂಬತ್ತರ ದೇಹದಲ್ಲಿ ಮೂರು ದಿನ ಮೀರುತ್ತದೆ. ಪ್ರತಿರಾತ್ರಿಯೂ ನುಂಗಿದರೆ ನಿನ್ನೆಯದರ ಮೇಲೆ ಇಂದಿನದು ಕೂಡುತ್ತಹೋಗಿ ಹಗಲೂ ರಾತ್ರಿಯಾಗುತ್ತದೆ. ಅಂಥ ಹಗಲಿನಲ್ಲಿ ನಿದ್ದೆ ಮುಗಿದುಹೋದುದರಿಂದ ರಾತ್ರಿ ನಿದ್ದೆ ಬರುವುದಿಲ್ಲ. ಬರುವುದಿಲ್ಲವೆಂದು ಇನ್ನರ್ಧ ಮಾತ್ರೆ. ಅಮೆರಿಕದ ಮಾರ್ಕ್ ಬಿಯರ್ಸ್ 1991ರಲ್ಲಿ ವೃದ್ಧರಿಗೆ ಹಿತವಲ್ಲದ ಔಷಧಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದ. ಅದು ಇಂದಿಗೂ ಪರಿಷ್ಕೃತವಾಗುತ್ತ ಬಂದಿದೆ. ಮೇಲೆ ಹೇಳಿದ ಬಗೆಯ ಮಾತ್ರೆಗಳು ಅದರಲ್ಲಿವೆ. ಆದರೆ ಓದಿದೊಡನೆ ಡಬ್ಬಿಯನ್ನು ತಿಪ್ಪೆಗೆ ಸುರಿಯಬಾರದು. ವರ್ಷಗಟ್ಟಲೆ ನುಂಗಿದ ನಿದ್ದೆಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಸೆಳವು ಸನ್ನಿಗಳು ಬರಬಹುದಾದ್ದರಿಂದ, ವಾರಗಳ ಮೇಲೆ ಇಳಿಸುತ್ತ ಬರಬೇಕು. ಮಾಡಬೇಕಾದುದು, ಡಬ್ಬಿಯನ್ನು ಇದ್ದಂತೆಯೇ ಒಬ್ಬ ವೈದ್ಯರ ಮುಂದೆ ಸುರಿದು, "ಇದರಲ್ಲಿ ಯಾವುದು ಇನ್ನು ಬೇಡ?" ಎಂದು ಕೇಳುವುದು. ನಮ್ಮಲ್ಲಿ ರೋಗಿ ಕೇಳುವುದು ಇನ್ನೇನು ಬೇಕೆಂದು ಮಾತ್ರ.

ಇದೇ ಪ್ರಸಂಗದಲ್ಲಿ ಏಕಾದಶಿಯ ಮಾತು ಬರುತ್ತದೆ. ಸಕ್ಕರೆ ಕಾಯಿಲೆಗೆ ಗ್ಲಿಬೆನ್‌ಕ್ಲಮೈಡ್‌ನಂಥ ದೀರ್ಘಕಾಲ ನಿಲ್ಲುವ ಮಾತ್ರೆಯನ್ನು ನುಂಗಿ, ನಿಯಮ ತಪ್ಪಬಾರದೆಂದು ನಿರಾಹಾರವಿದ್ದ ವೃದ್ಧೆ ಮಧ್ಯಾಹ್ನ ದೇವರ ಮುಂದೆ ಕುಳಿತಲ್ಲೇ ಒರಗಿದರೆ ಮನೆಯವರು ಧ್ಯಾನವೆಂದೋ ಉಪವಾಸದ ಬಳಲಿಕೆಯೆಂದೋ ತಿಳಿಯುತ್ತಾರೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಎಳೆಯರಲ್ಲಿ ಮುನ್ಸೂಚನೆಯಾಗಿ ಬರುವ ಬೆವರು ನಡುಕಗಳು ವೃದ್ಧರಲ್ಲಿ ಬಾರದೆಯೂ ಇರಬಹುದು. ಎಚ್ಚರವಿದ್ದರೆ ಬಾಯಿಗೆ ಬೆಲ್ಲದ ನೀರು, ಎಚ್ಚರವಿಲ್ಲದಿದ್ದರೆ ಬಾಯಿಗೇನೂ ಹಾಕದೆ ಆಸ್ಪತ್ರೆ. ಅತಿವೃದ್ಧರಿಗೆ ಸಕ್ಕರೆಯನ್ನಾಗಲಿ ರಕ್ತದೊತ್ತಡವನ್ನಾಗಲಿ ನಡುವಯಸ್ಸಿನವರ ಮಟ್ಟಕ್ಕೆ ಬಿಗಿಹಿಡಿಯುವ ಉತ್ಸಾಹ ಈಚೆಗೆ ವೈದ್ಯರಲ್ಲಿಯೇ ತಗ್ಗಿದೆ.

ಊಟದ ಬಳಿಕ ಕಣ್ಣೆಳೆಯುವುದು ಎಲ್ಲರಿಗೂ ಇದ್ದದ್ದೇ. ಆದರೆ ವೃದ್ಧರಲ್ಲಿ ರಕ್ತ ಜೀರ್ಣಾಂಗಗಳಿಗೆ ಹರಿದಾಗ ಉಳಿದ ರಕ್ತನಾಳಗಳು ಬಿಗಿದುಕೊಳ್ಳದೆ, ಊಟವಾದ ಎರಡು ಗಂಟೆಗಳೊಳಗೆ ರಕ್ತದೊತ್ತಡ 20 ಅಂಶಗಳಷ್ಟೋ ಅದಕ್ಕೂ ಹೆಚ್ಚೋ ಇಳಿಯುವುದುಂಟೆಂದು 1983ರಿಂದ ತಿಳಿದುಬಂದಿದೆ. ತಲೆ ತಿರುಗುವುದು, ತೂಕಡಿಸುವುದು, ಎದ್ದಾಗ ಬೀಳುವುದು ಇದರ ಫಲ. ಪಿಷ್ಟವೇ ತುಂಬಿದ ಊಟದಿಂದ ಇದು ಹೆಚ್ಚು. ಎಲೆಯ ತುಂಬ ಅನ್ನ, ಸಾರಿಗೊಮ್ಮೆ ಮಜ್ಜಿಗೆಗೊಮ್ಮೆ ಕಲಸುವ ನಮ್ಮ ಊಟ ಪಿಷ್ಟವಲ್ಲದೆ ಮತ್ತೇನು? ಎರಡು ದೊಡ್ಡ ಊಟಗಳ ಬದಲು ನಾಲ್ಕು ಚಿಕ್ಕವು, ಊಟಕ್ಕೆ ಮೊದಲು ಒಂದು ದೊಡ್ಡ ಲೋಟ ನೀರು (ಹೃದಯ, ಮೂತ್ರಪಿಂಡಗಳ ತೊಂದರೆಯಿಂದ ನೀರಿಗೆ ಮಿತಿ ಇಲ್ಲದವರಿಗೆ), ಉಂಡೊಡನೆ ಏಳದಿರುವುದು ಇವು ಸುಲಭೋಪಾಯಗಳು. ಹಲ್ಲು ಹೋದಮೇಲೆ ಗಂಜಿ, ರವೆಗಂಜಿ, ಹಾಲಿನಲ್ಲಿ ನೆನೆದ ಬಿಸ್ಕತ್ತು ಇಷ್ಟಕ್ಕೇ ಇಳಿಯುವ ವೃದ್ಧರ ಆಹಾರದಲ್ಲಿ ಸಸಾರಜನಕವೆಂಬುದು ಇರುವುದಿಲ್ಲ. ಎಳೆಯರಿಗೆ ದೇಹದ ತೂಕದ ಕಿಲೋ ಒಂದಕ್ಕೆ 0.8 ಗ್ರಾಂ ಸಾಕಾದರೆ ವೃದ್ಧರಿಗೆ 1ರಿಂದ 1.2 ಗ್ರಾಂ ಬೇಕೆಂದು ಹಲವು ತಜ್ಞರ ಅಭಿಪ್ರಾಯ. ವಾಸ್ತವದಲ್ಲಿ ನಡೆಯುವುದು ತಿರುಗುಮುರುಗು. ಹುರಿಹಿಟ್ಟು, ಗಟ್ಟಿಯಾಗಿ ಬೇಯಿಸಿ ಕಡೆದ ಹೆಸರುಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ ಮೀನು: ಹಲ್ಲಿಲ್ಲದ ಬಾಯಿಗೂ ಇವು ಸಲ್ಲುತ್ತವೆ.

ಈಗ ಹೇಳಬೇಕಾದುದು ಸ್ನಾಯುಗಳ ಮಾತು. ಈ ಸಮೀಕ್ಷೆಯಲ್ಲಿ ನನ್ನ ಮನಸ್ಸು ಹೆಚ್ಚು ತಗಲಿರುವುದು ಇಲ್ಲಿಯೇ. ಅತಿವೃದ್ಧರ ದಣಿವಿನ ಬಹುಭಾಗ ಸ್ನಾಯುಗಳ ಬಡತನ. ಬಚ್ಚಲಿಗೆ ನಡೆದು ಬರುವ ಶ್ರಮ ಮೂವತ್ತರವನಿಗೆ ಅವನ ಶಕ್ತಿಯ ಒಂದು ಅಲ್ಪಾಂಶ. ತೊಂಬತ್ತರವನಿಗೆ ಅದು ಇರುವ ಶಕ್ತಿಯ ಬಹುಪಾಲು. ಬಾಲ್ಟಿಮೋರಿನ ಲಿಂಡಾ ಫ್ರೀಡ್ 2001ರಲ್ಲಿ ಜೀರ್ಣದೇಹಸ್ಥಿತಿಯನ್ನು ಗುರುತಿಸಲು ಐದು ಲಕ್ಷಣಗಳನ್ನು ನಿಗದಿಮಾಡಿದಳು: ತೂಕದ ಇಳಿತ, ಬಳಲಿಕೆ, ಹಿಡಿತದ ದೌರ್ಬಲ್ಯ, ನಡಿಗೆಯ ನಿಧಾನ, ಚಟುವಟಿಕೆಯ ಕೊರತೆ; ಮೂರಿದ್ದರೆ ಸ್ಥಿತಿ ನಿಶ್ಚಿತ. ಈ ಐದೂ ಒಂದನ್ನೊಂದು ಸಾಕುತ್ತವೆ. ದಣಿವೆಂದು ಮಲಗುವುದು, ಮಲಗಿದ್ದರಿಂದ ಸ್ನಾಯು ಕರಗುವುದು, ಕರಗಿದ್ದರಿಂದ ದಣಿವು. ಆರೋಗ್ಯವಂತರಾದ ವೃದ್ಧರನ್ನೇ ಹತ್ತು ದಿನ ಹಾಸಿಗೆಯಲ್ಲಿರಿಸಿ ನೋಡಿದ 2007ರ ಅಮೆರಿಕದ ಪ್ರಯೋಗವೊಂದರಲ್ಲಿ, ಕಾಲುಗಳ ಮಾಂಸಭಾಗವೇ ಸರಾಸರಿ ಒಂದು ಕಿಲೋದಷ್ಟು ಕರಗಿತ್ತು. ನಾವು ಅಜ್ಜಿಯನ್ನು ಮಲಗಿಸುವುದು ಹತ್ತು ದಿನಕ್ಕಲ್ಲ.

ಇಲ್ಲಿ ನಮ್ಮ ಸಂಸ್ಕಾರವೇ ಅಡ್ಡಬರುತ್ತದೆ. ಹಿರಿಯರಿಗೆ ಕೆಲಸ ಹಚ್ಚುವುದು ಅಗೌರವ, ಲೋಟ ಎತ್ತಲು ಕೈಚಾಚಿದರೆ ಸೊಸೆ ಓಡಿಬರುತ್ತಾಳೆ, ಎದ್ದರೆ "ಎಲ್ಲಿಗೆ? ಕೂತ್ಕೊಳ್ಳಿ" ಎಂದು ನಾಲ್ಕು ದನಿ. ನೋಡಿದವರು ಮೆಚ್ಚುತ್ತಾರೆ, ವೃದ್ಧರು ಕುಸಿಯುತ್ತಾರೆ. ಬಾಸ್ಟನ್ನಿನ ವೃದ್ಧಾಶ್ರಯವೊಂದರಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ, ಸರಾಸರಿ ತೊಂಬತ್ತು ವಯಸ್ಸಿನ ಹತ್ತು ದುರ್ಬಲರಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತುವ ವ್ಯಾಯಾಮವನ್ನು ಮಾಡಿಸಿ 1990ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅವರ ಸ್ನಾಯುಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತ್ತು. ಭಾರದ ಕಬ್ಬಿಣ ನಮ್ಮ ಮನೆಗಳಲ್ಲಿ ಬೇಡ. ಗೋಡೆಗೆ ಒತ್ತಿಟ್ಟ, ಸರಿಯದ ಕುರ್ಚಿ. ಅದರಲ್ಲಿ ಮುಂದಕ್ಕೆ ಜರುಗಿ ಕುಳಿತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆಳೆದು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಆಗದಿದ್ದರೆ ಕುರ್ಚಿಯ ತೋಳನ್ನೊತ್ತಿ, ಮೂಗು ಪಾದದ ಬೆರಳುಗಳ ಮೇಲೆ ಬರುವಷ್ಟು ಬಾಗಿ ಎದ್ದು ನಿಲ್ಲುವುದು. ನಿಂತು ಒಂದು ಉಸಿರು. ಕುಸಿಯದೆ ನಿಧಾನವಾಗಿ ಕೂರುವುದು. ಮೊದಲ ದಿನ ಮೂರು ಬಾರಿಯಾದರೂ ಸಾಕು, ಯಾರಾದರೂ ಪಕ್ಕದಲ್ಲಿರಲಿ. ದೇವರ ಮನೆಗೆ ಹೂ ಬಿಡಿಸಿ ತರುವುದು, ಒಗೆದ ಬಟ್ಟೆಯನ್ನು ಮಡಿಸುವುದು, ನಿಂತು ಸೊಪ್ಪು ಸೋಸುವುದು ಇವೂ ಇದರ ರೂಪಗಳೇ, ಕಸಿದುಕೊಳ್ಳದಿದ್ದರೆ.

ಬೆಳಕಿನ ಮಾತೂ ಇದಕ್ಕೆ ಸೇರಿದುದು. ಬಯಲಿನ ಹಗಲುಬೆಳಕು ಹತ್ತು ಸಾವಿರ ಲಕ್ಸ್‌ಗಿಂತ ಮೇಲೆ. ಮನೆಯೊಳಗಿನದು ಕೆಲವು ನೂರು. ನೆದರ್ಲೆಂಡ್ಸಿನ ಹನ್ನೆರಡು ವೃದ್ಧಾಶ್ರಯಗಳಲ್ಲಿ ಹಗಲಿಡೀ ಸಾವಿರ ಲಕ್ಸ್ ಬೆಳಕನ್ನಿರಿಸಿದಾಗ ನಿವಾಸಿಗಳ ಬುದ್ಧಿಯ ಇಳಿತ, ಖಿನ್ನತೆಗಳು ಒಂದಿಷ್ಟು ತಗ್ಗಿದುವೆಂದು 2008ರಲ್ಲಿ ವರದಿಯಾಯಿತು. ಜಗಲಿ ಇದ್ದ ಕಾಲದಲ್ಲಿ ಈ ಚಿಕಿತ್ಸೆಗೆ ಯಾರೂ ಹಣ ಕೊಡಲಿಲ್ಲ: ಬೆಳಗ್ಗೆ ಬಂದು ಕುಳಿತ ಅಜ್ಜನಿಗೆ ಬಿಸಿಲೂ ಸಿಕ್ಕಿತು, ದಾರಿಹೋಕರ ಮಾತೂ ಸಿಕ್ಕಿತು. ಬೆಂಗಳೂರಿನ ಒಂಬತ್ತನೆಯ ಮಹಡಿಯಲ್ಲಿ ಪರದೆ ಎಳೆದ ಕೋಣೆ, ಟಿವಿ, ಮಂಚ. ಮಕ್ಕಳೊಡನಿರಲು ಷಿಕಾಗೋಗೆ ಹೋದ ತಾಯ್ತಂದೆಯರಿಗೆ ಡಿಸೆಂಬರಿನಲ್ಲಿ ನಾಲ್ಕೂವರೆಗೆ ಮುಂಚೆಯೇ ಸೂರ್ಯಾಸ್ತ. ಹೊರಗೆ ಹೆಜ್ಜೆಯಿಡಲಾಗದ ಹಿಮ, ಕೆಲಸಕ್ಕೆ ಹೋದ ಮಗ ಸೊಸೆ. ಅವರು ನಿದ್ದೆಮಾಡದೆ ಇನ್ನೇನು ಮಾಡಿಯಾರು? ಕಿವುಡೂ ಹೀಗೆಯೇ ನಿದ್ದೆಯ ತಾಯಿ. ಅರ್ಧ ಕೇಳಿದ್ದನ್ನು ಪೂರ್ತಿಮಾಡಿಕೊಳ್ಳುವ ಪ್ರಯಾಸದಲ್ಲಿ ಮನಸ್ಸು ದಣಿದು, ಕೊನೆಗೆ ಕಣ್ಮುಚ್ಚುವುದೇ ಮರ್ಯಾದೆಯೆನಿಸುತ್ತದೆ. ಶ್ರವಣಯಂತ್ರ ಹಾಕಿದ ವಾರದಲ್ಲಿ ತೂಕಡಿಕೆ ಬಿಟ್ಟವರಿದ್ದಾರೆ.

ಹಾಗೆಂದು ಹಗಲುನಿದ್ದೆಯನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಕ್ರೌರ್ಯ. ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆಯ ನಿದ್ದೆ ಹಿತಕರ. ಅದನ್ನು ಮೀರಿದರೆ ಎದ್ದಮೇಲೂ ಮಂಕು, ರಾತ್ರಿಗೆ ಕುತ್ತು. ಕಾಫಿ ಬೆಳಗ್ಗೆಯೂ ಮಧ್ಯಾಹ್ನದ ನಿದ್ದೆಯ ಮುಂಚೆಯೂ ಕುಡಿಯಲಿ. ಅದರ ಅಂಶ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಸಂಜೆಯ ಲೋಟವನ್ನು ಬಿಟ್ಟರೆ ಲೇಸು. ನೂರಾಮೂರು ವರ್ಷ ಬಾಳಿದ ಎ.ಎನ್. ಮೂರ್ತಿರಾಯರ, ನೂರಾಏಳನ್ನು ಮುಟ್ಟಿದ ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ, ನೂರನ್ನು ದಾಟಿ 1962ರಲ್ಲಿ ಗತಿಸಿದ ವಿಶ್ವೇಶ್ವರಯ್ಯನವರ ಉದಾಹರಣೆಗಳನ್ನು ತಂದು ಮನೆಯ ಅಜ್ಜನ ಮುಖಕ್ಕೆ ಹಿಡಿಯುವವರುಂಟು. ಅಂಥ ಬಾಳುಗಳು ನಾಡಿನ ಭಾಗ್ಯ, ಆದರೆ ಅವು ಅಳತೆಗೋಲುಗಳಲ್ಲ. ಅಜ್ಜ ವಿಶ್ವೇಶ್ವರಯ್ಯನವರಾಗದಿದ್ದುದು ತೊಂಬತ್ತಕ್ಕೆ ಹೊಸದಾಗಿ ಕಂಡುಬಂದ ದೋಷವೇನಲ್ಲ.

ಎಲ್ಲವನ್ನೂ ಸರಿಪಡಿಸಿದ ಮೇಲೂ ಉಳಿಯುವ ನಿದ್ದೆಯೊಂದುಂಟು. ಅಲ್ಜೈಮರ್ ರೋಗದಲ್ಲಿ ಎಚ್ಚರವನ್ನು ಕಾಯುವ ನರಕೋಶಗಳೇ ಬಹುಸಂಖ್ಯೆಯಲ್ಲಿ ನಾಶವಾಗುತ್ತವೆಂದು ಸ್ಯಾನ್‌ಫ್ರಾನ್ಸಿಸ್ಕೋದ ಸಂಶೋಧಕರು 2019ರಲ್ಲಿ ತೋರಿಸಿದರು. ಅಂಥವರನ್ನು ಸೋಮಾರಿತನಕ್ಕೆಂದು ಗದರುವುದು ಕುರುಡನನ್ನು ಓದಲಿಲ್ಲವೆಂದು ಗದರಿದಂತೆ. ಲೆವಿ ಕಾಯಗಳ ಮರೆವಿನ ರೋಗದಲ್ಲಿ ಒಂದು ದಿನ ನಿಚ್ಚಳ, ಮರುದಿನ ಮಂಪರು; ಮನೆಯವರು ಇದನ್ನು ನಟನೆಯೆಂದು ಶಂಕಿಸುವುದು ಅಪೂರ್ವವಲ್ಲ. ಇಂಥವರಿಗೆ ದಿನದ ಒಳ್ಳೆಯ ಹೊತ್ತು ಯಾವುದೆಂದು ಗಮನಿಸಿ, ಸ್ನಾನ, ಊಟ, ಭೇಟಿಗಳನ್ನು ಆ ಹೊತ್ತಿಗೇ ಹೊಂದಿಸಿಕೊಳ್ಳುವುದು ಮನೆಯವರ ಜಾಣತನ. ಹೃದಯವೋ ಮೂತ್ರಪಿಂಡವೋ ಸೋಲುತ್ತ ಬಂದ ಕಡೆಯ ತಿಂಗಳುಗಳಲ್ಲಿ ನಿದ್ದೆ ದಿನದ ಇಪ್ಪತ್ತು ಗಂಟೆಗಳನ್ನು ಆಕ್ರಮಿಸಿಕೊಳ್ಳುವುದುಂಟು. ಅಲ್ಲಿ ಎಬ್ಬಿಸಿ ನಡೆಸುವ ಮೇಲಿನ ಉಪದೇಶವೆಲ್ಲ ಅನ್ವಯಿಸದು. ವ್ಯಾಯಾಮಕ್ಕೆಂದು ಪೀಡಿಸುವ ಮಗ, ಮಲಗಿಸಿಯೇ ಇಟ್ಟ ಮಗನಷ್ಟೇ ತಪ್ಪುಮಾಡುತ್ತಾನೆ. ಆಗ ಮನೆಯವರು ತಿಳಿದಿರಬೇಕಾದುದು ಸ್ವಲ್ಪವೇ: ಅರೆನಿದ್ದೆಯಲ್ಲಿರುವವರ ಬಾಯಿಗೆ ಗಂಜಿಯನ್ನೋ ಮಾತ್ರೆಯನ್ನೋ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಆದ್ದರಿಂದ ಪೂರ್ಣ ಎಚ್ಚರವಿರುವಾಗ, ಬೆನ್ನಿಗೆ ದಿಂಬು ಕೊಟ್ಟು ನೇರವಾಗಿ ಕೂರಿಸಿ, ಅವರು ಬಯಸಿದಷ್ಟನ್ನೇ ಚಮಚದಲ್ಲಿ ಕೊಡಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮುಂದಿನ ಹತ್ತು ವರ್ಷಗಳ ಹಿತಕ್ಕೆಂದು ಬರೆದ ಮಾತ್ರೆಗಳನ್ನು ನಿಲ್ಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಕೊಲೆಸ್ಟರಾಲಿನ ಮಾತ್ರೆಯನ್ನು ಅಂಥ ಸ್ಥಿತಿಯಲ್ಲಿ ನಿಲ್ಲಿಸುವುದರಿಂದ ಹಾನಿ ಕಾಣದೆ, ದಿನಗಳು ಒಂದಿಷ್ಟು ಹಗುರವಾದುವೆಂದು 2015ರ ಅಮೆರಿಕದ ಪ್ರಯೋಗವೊಂದು ಹೇಳುತ್ತದೆ. ಬೆಂಗಳೂರಿನ ಕರುಣಾಶ್ರಯದಂಥ ಉಪಶಾಮಕ ಸಂಸ್ಥೆಗಳು ಕ್ಯಾನ್ಸರ್ ರೋಗಿಗಳಿಗಾಗಿ ರೂಢಿಸಿಕೊಂಡ ಈ ಬಗೆಯ ಶುಶ್ರೂಷೆ, ಕೇವಲ ವಯಸ್ಸಿನಿಂದ ನಂದುತ್ತಿರುವವರ ಮನೆಗಳಿಗೆ ನಮ್ಮಲ್ಲಿ ಇನ್ನೂ ಸಾಕಷ್ಟು ತಲುಪಿಲ್ಲ. ರಾತ್ರಿಯೆಲ್ಲ ಪಕ್ಕದಲ್ಲಿ ಎಚ್ಚರವಿದ್ದು ಹಗಲು ಅಡಿಗೆ ಮಾಡುವ ಸೊಸೆಯ ನಿದ್ದೆಯನ್ನು ಕುರಿತು ಇದೇ ಪ್ರಮಾಣದ ಇನ್ನೊಂದು ಸಮೀಕ್ಷೆ ಬರೆಯಬೇಕಾಗಿದೆ.